ಇನ್ನೂರು ಕೊಯ್ತದ ಚಾಕು

ಚಾಕು ಮೇಷ್ಟ್ರಿಗೆ ಆ ಹೆಸರು ಪಾಠ ಹೇಳಿ ಬಂದದ್ದಲ್ಲ. ಶಾಲೆಯ ಮೆಟ್ಟಿಲನ್ನು ಅವರು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಆದರೆ ಬೀದಿಯವರು ಯಾವ ಚಾಕು, ಯಾವ ಕತ್ತರಿ ತಂದುಕೊಟ್ಟರೂ ಅದರ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒಮ್ಮೆ ಕೂರಿಸಿ ನೋಡಿ, 'ಪಾಸು' ಅಥವಾ 'ಫೇಲು' ಎಂದು ಹೇಳಿಬಿಡುತ್ತಿದ್ದರು. ಫೇಲಾದ ಚಾಕುವಿನ ಯಜಮಾನರು ತಾವೇ ಫೇಲಾದವರಂತೆ ತಲೆ ತಗ್ಗಿಸಿಕೊಂಡು, ಸಾಣೆ ಹಿಡಿದು ಮುಗಿಯುವವರೆಗೆ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಸಾಣೆಚಕ್ರ ಕಿಟಕಿಯ ಪಕ್ಕ, ಕುಲುಮೆ ಹಿತ್ತಲಿನಲ್ಲಿ, ಎರಡರ ನಡುವೆ ಅಡುಗೆಮನೆ. ಹಿತ್ತಲಲ್ಲಿ ಬಡಿದ ಉಕ್ಕು ಮುಂದಿನ ಕೋಣೆಗೆ ಬಂದು ಚಾಕುವಾಗಬೇಕಾದರೆ ಒಲೆಯ ಪಕ್ಕದಲ್ಲೇ ಹಾದು ಬರಬೇಕು. ಮೂವತ್ತು ವರ್ಷದಿಂದ ಈ ರಾಜಮಾರ್ಗದ ಮೇಲೆ ನಿಂತು ಅಡುಗೆ ಮಾಡಿದ ಮೇಷ್ಟ್ರ ಹೆಂಡತಿ, ಆ ಮನೆಯಲ್ಲಿ ಯಾರನ್ನು ಬೇಕಾದರೂ ಬೈಯುವ ಹಕ್ಕನ್ನು ಹಾಗೆ ಸಂಪಾದಿಸಿಕೊಂಡಿದ್ದರು.

ಆ ಅಂಗಡಿಯ ಮಡಚುವ ಚಾಕುವಿಗೆ ಒಂದು ಗುರುತಿತ್ತು. ಹಿಡಿಯ ತುದಿಯಲ್ಲಿ ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ಹಾರುವ ಹಕ್ಕಿಯ ಅಚ್ಚು. ಅಚ್ಚನ್ನು ಕೆತ್ತಿದವರು ಮೇಷ್ಟ್ರ ಅಪ್ಪ. ಅವರ ಕೈ ಬಡಿಯುವುದರಲ್ಲಿ ಎಷ್ಟು ನಿಪುಣವೋ ಕೆತ್ತುವುದರಲ್ಲಿ ಅಷ್ಟೇ ಮೊದ್ದು. ಹಕ್ಕಿ ಮೀನಿನ ಹಾಗೆ ಕಾಣುತ್ತಿತ್ತು. ಆದರೂ ಅದನ್ನು ಹಕ್ಕಿ ಎಂದೇ ಕರೆಯಬೇಕೆಂಬುದು ಮನೆಯ ಕಾನೂನು.

ಇನ್ನೊಂದು ಕಾನೂನೂ ಇತ್ತು. ಮನೆಯಲ್ಲಿ ಕಸುಬು ಕಲಿತವರು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಿದ ಚಾಕು ಇನ್ನೂರು ಕೊಯ್ತ ತಾಳಬೇಕು. ಹೊಸ ಸಾಮಾನು ತಂದು ಕೊಯ್ಯುವಂತಿಲ್ಲ, ಮನೆಯಲ್ಲಿ ಸವೆದು ಮೂಲೆ ಸೇರಿದ್ದನ್ನೇ ಕೊಯ್ಯಬೇಕು. ಜೇಬಿನ ಚಾಕು ಬದುಕುವುದು ಅಂಥವುಗಳ ನಡುವೆಯೇ ತಾನೇ! ಸೆಣಬಿನ ಹಗ್ಗ ಐವತ್ತು, ದಪ್ಪ ರಟ್ಟು ಐವತ್ತು, ರಬ್ಬರಿನ ಪೈಪು ಐವತ್ತು, ಹಳೆಯ ಬೆಲ್ಟು ಚಪ್ಪಲಿಗಳ ಚರ್ಮ ಐವತ್ತು. ನಡುವೆ ಸಾಣೆ ಇಲ್ಲ, ಕಲ್ಲು ಇಲ್ಲ. ಹತ್ತು ಕೊಯ್ತಕ್ಕೊಮ್ಮೆ ನ್ಯೂಸ್‌ಪೇಪರಿನ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಅಲಗನ್ನು ಇಳಿಸಬೇಕು. ಸರ್‍ರನೆ ಇಳಿದರೆ ಮುಂದಿನ ಹತ್ತು, ಎಲ್ಲಾದರೂ ಸಿಕ್ಕಿಕೊಂಡು ಹಾಳೆ ಹರಿದರೆ ಅಲ್ಲಿಗೆ ಮುಗಿಯಿತು. ಪಾಸಾದರೆ ಹಕ್ಕಿ. ಆಮೇಲೆ ಅವರ ಕೈಯಿಂದ ಹೊರಡುವ ಪ್ರತಿ ಚಾಕುವಿಗೂ ಹಕ್ಕಿ. ಅಲ್ಲಿಯವರೆಗೆ ಅವರು ಬರೀ ಸಹಾಯಕರು.

ಮಾಡಿದವರು ತಾವೇ ಕೊಯ್ಯುವಂತಿಲ್ಲ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎನ್ನುತ್ತಿದ್ದರು ಮೇಷ್ಟ್ರ ಅಪ್ಪ. ತಾನು ಮಾಡಿದ ಚಾಕುವಿಗೆ ಕೈ ಮುಲಾಜು ತೋರಿಸುತ್ತದೆ, ಹಗ್ಗದ ಮೆತ್ತಗಿನ ಜಾಗವನ್ನೇ ಹುಡುಕುತ್ತದೆ. ಹಾಗಾಗಿ ಮೇಷ್ಟ್ರ ಚಾಕುವನ್ನು ಅವರ ಅಪ್ಪ ಕೊಯ್ದು ನೋಡಿದ್ದರು. ಈಗ ಮಗಳ ಚಾಕುವನ್ನು ಮೇಷ್ಟ್ರು ಕೊಯ್ದು ನೋಡಬೇಕಿತ್ತು.

ಮಗಳನ್ನು ಮನೆಯಲ್ಲಿ ಕಿಡಿ ಎಂದು ಕರೆಯುತ್ತಿದ್ದರು. ಆರು ವರ್ಷದಿಂದ ಅಪ್ಪನ ಜೊತೆ ಸುತ್ತಿಗೆ ಹಿಡಿದವಳು. ಅಂಗಡಿಯ ಅರ್ಧ ಚಾಕುಗಳು ಅವಳ ಕೈಯವೇ. ಆದರೆ ಗಿರಾಕಿಗಳು ಚಾಕುವನ್ನು ತಿರುಗಿಸಿ ನೋಡಿ, 'ಮೇಷ್ಟ್ರು ಮಾಡಿದ್ದು ತಾನೇ?' ಎಂದು ಕೇಳಿದಾಗಲೆಲ್ಲ ಅವಳು 'ಹೌದು' ಎನ್ನಬೇಕಾಗಿತ್ತು. ಹಾಗೆಂದ ದಿನ ಅವಳು ರಾತ್ರಿ ಊಟಕ್ಕೆ ಕೂತಾಗ ಮಾತು ಕಡಿಮೆ ಆಡುತ್ತಿದ್ದಳು. ಮೇಷ್ಟ್ರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು, ಯಾಕೆಂದರೆ ಕಾನೂನು ಕಾನೂನೇ.

ರಜೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಪರೀಕ್ಷೆ ಶುರುವಾಯಿತು. ಎಣಿಸುವ ಕೆಲಸ ಮೇಷ್ಟ್ರ ತಂಗಿಯದು. ಎರಡು ಬೀದಿ ಆಚೆ ಟೈಲರ್ ಅಂಗಡಿ ಇಟ್ಟಿದ್ದ ಆಕೆ ಒಂದು ಡಬ್ಬಿ ತುಂಬ ಗುಂಡಿಗಳನ್ನು ತಂದಿದ್ದರು. ಒಂದು ಕೊಯ್ತಕ್ಕೆ ಒಂದು ಗುಂಡಿ, ಎಡಗಡೆಯ ತಟ್ಟೆಯಿಂದ ಬಲಗಡೆಯ ತಟ್ಟೆಗೆ.

"ಅಣ್ಣಾ, ಮೀನಿಗೋಸ್ಕರ ಇಷ್ಟೆಲ್ಲಾನಾ?" ಎಂದರು ಕೂತ ಕೂಡಲೇ.

"ಹಕ್ಕಿ," ಎಂದರು ಮೇಷ್ಟ್ರು.

"ರೆಕ್ಕೆ ಎಲ್ಲಿದೆ ತೋರಿಸು, ಹಕ್ಕಿ ಅಂತೀನಿ."

ಒಳಗಿಂದ ಮೇಷ್ಟ್ರ ಹೆಂಡತಿ ಕೂಗಿ ಹೇಳಿದರು: "ರೀ, ಹಳೇ ಪೈಪು ಮೆಟ್ಟಿಲ ಕೆಳಗಿದೆ. ಗಿಡಕ್ಕೆ ನೀರು ಬಿಡೋ ಪೈಪಿಗೇನಾದ್ರೂ ಕೈ ಹಾಕಿದ್ರೆ ನೋಡಿ ಮತ್ತೆ!"

ಮೇಷ್ಟ್ರು ಚಾಕುವನ್ನು ಬಿಡಿಸಿದರು. ಕಟ್ ಎಂದು ಅಲಗು ನಿಂತ ಸದ್ದಿಗೇ ಅವರ ಮನಸ್ಸು ಅರ್ಧ ತುಂಬಿತು. ಅಲುಗಾಟವಿಲ್ಲ, ಬಿಗಿತವಿಲ್ಲ. ಹೊಗಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪರೀಕ್ಷೆ ಮಾಡುವವನು ಹೊಗಳಬಾರದು ಎಂದು ನುಂಗಿಕೊಂಡರು. ಮಗಳು ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು, ಅವಳ ಹೆಬ್ಬೆರಳು ಮಾತ್ರ ಮುಷ್ಟಿಯೊಳಗೆ ಬಿಗಿಯಾಗಿತ್ತು.

ಹಗ್ಗವನ್ನು ಮರದ ಹಲಗೆಯ ಮೇಲೆ ಚಾಚಿ ಬೆರಳಗಲಕ್ಕೊಂದರಂತೆ ಕೊಯ್ದರು. ಒಂದು ಕೊಯ್ತ, ನಾರು ಹತ್ತಿಕೊಂಡ ಅಲಗನ್ನು ತೊಡೆಗೆ ಒರೆಸುವುದು, ಮತ್ತೊಂದು ಕೊಯ್ತ. ಗುಂಡಿಗಳು ಟಕ್ ಟಕ್ ಎಂದು ತಟ್ಟೆ ಬದಲಿಸಿದವು. ಹಗ್ಗ ಮುಗಿದು ರಟ್ಟು ಬಂತು. ಅಲಗಿಗೆ ಹಗ್ಗಕ್ಕಿಂತ ರಟ್ಟೇ ದೊಡ್ಡ ಶತ್ರು. ನೋಡಲು ಸಾಧು, ಒಳಗೆಲ್ಲ ಮಣ್ಣು ಮರಳು. ಆದರೂ ನೂರರ ಹಾಳೆ ಸರ್‍ರನೆ ಇಳಿಯಿತು. ರಬ್ಬರು ಬಂತು. ನೂರೈವತ್ತು. ಚರ್ಮ ಬಂತು. ಮೇಷ್ಟ್ರ ಹಳೆಯ ಚಪ್ಪಲಿಯ ಅಟ್ಟೆ, ಸೂಟ್‌ಕೇಸಿನ ಪಟ್ಟಿ, ಮಾವನವರು ಬಿಟ್ಟುಹೋದ ಒಂದು ಬೆಲ್ಟು. ಇನ್ನೂರನೆಯ ಗುಂಡಿ ಬಿದ್ದಾಗ ಮೇಷ್ಟ್ರು ಹಾಳೆಯನ್ನು ಎತ್ತಿ ಹಿಡಿದರು. ಅಲಗು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

"ಪಾಸು!" ಎಂದರು ಮೇಷ್ಟ್ರು. ಅವರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು. ಮಗಳು ಗೋಡೆ ಬಿಟ್ಟು ಬಂದು ಅತ್ತೆಯ ಹೆಗಲ ಮೇಲೆ ತಲೆ ಇಟ್ಟಳು.

ಸದ್ದು ಕೇಳಿ ಮೇಷ್ಟ್ರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ಮಗಳ ಕೆನ್ನೆ ತಟ್ಟಿದರು, ಗಂಡನನ್ನು ನೋಡಿದರು, ಮುಖದ ನಗು ಅಲ್ಲೇ ನಿಂತಿತು.

"ಅಯ್ಯೋ, ಏನ್ರೀ ಇದು! ಹೋದ ವಾರ ತಾನೇ ಹೊಲಿದಿದ್ದೆ. ಆಗ್ಲೇ ಕರಿ ಮಾಡ್ಕೊಂಡಿದ್ದೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ತೊಡೆ ಮುಟ್ಟಿ ನೋಡಿಕೊಂಡರು.

ವಿಷಯ ಇಷ್ಟೇ. ಮೇಷ್ಟ್ರ ಕೆಲಸದ ಪ್ಯಾಂಟು ಬಲತೊಡೆಯ ಮೇಲೆ ಮೂರು ತಿಂಗಳಿಗೊಮ್ಮೆ ಹರಿಯುತ್ತಿತ್ತು. ಹೊಲಿದು ಹೊಲಿದು ಬೇಸತ್ತ ಹೆಂಡತಿ ಈ ಸಲ ಅಂಗೈಯಗಲದ ಚರ್ಮದ ತೇಪೆಯನ್ನೇ ಹಾಕಿಬಿಟ್ಟಿದ್ದರು. ಆ ಚರ್ಮದ ಮೇಲೆ ವಾರವಿಡೀ ಮೆರುಗು ಹಾಕುವ ಪುಡಿ ಉದುರಿ ಕೂತಿತ್ತು. ಈಗ ಅದರ ಮೇಲೆ ಉದ್ದುದ್ದ ಕಪ್ಪು ಗೆರೆಗಳು ಮಿರಮಿರ ಮಿಂಚುತ್ತಿದ್ದವು. ಪ್ರತಿ ಕೊಯ್ತದ ನಂತರ ಎರಡು ಸಲ, ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ, ಮೇಷ್ಟ್ರ ಕೈ ತಾನಾಗಿಯೇ ಅಲಗನ್ನು ಅಲ್ಲಿ ಎಳೆದಿತ್ತು. ಕ್ಷೌರದಂಗಡಿಯವರು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆಯುವುದು ಯಾಕೆಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅದೇನು, ಬರೀ ಒರೆಸಿದ್ದು," ಎಂದರು ಮೇಷ್ಟ್ರು. "ನಾರು ಅಂಟಿತ್ತು, ಬಟ್ಟೆಗೆ ಒರೆಸಿದೆ, ಅಷ್ಟೇ."

"ಬಟ್ಟೆ ಅಲ್ಲ ಅಪ್ಪಾ, ಚರ್ಮ," ಎಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು. "ಇನ್ನೂರು ಸಲ ಕೊಯ್ದಿರಿ, ಇನ್ನೂರು ಸಲ ಹರಿತ ಮಾಡಿದಿರಿ."

ಅಚ್ಚು ಮತ್ತು ಸುತ್ತಿಗೆ ಮೇಜಿನ ಮೇಲೆ ಸಿದ್ಧವಾಗಿದ್ದವು. ಒಂದೇ ಒಂದು ಏಟು. ಮನೆಯ ನಾಲ್ವರನ್ನು ಬಿಟ್ಟರೆ ಹೊರಗೆ ಯಾರಿಗೂ ತಿಳಿಯುವುದಿಲ್ಲ. ಮೇಷ್ಟ್ರು ಹಾಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅವರನ್ನು ಚುಚ್ಚಿದ್ದು ಬೇರೆ: ಇದನ್ನು ಮಾಡಿದ್ದು ಕೈಯ ಅಭ್ಯಾಸವೋ, ಮಗಳ ಮೇಲಿನ ಆಸೆಯೋ? ಅವರಿಗೇ ಗೊತ್ತಾಗಲಿಲ್ಲ.

"ಮೊದಲಿಂದ ಮಾಡೋಣ," ಎಂದಳು ಮಗಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಳ್ಳಿದ್ದೂ ಅವಳ ಕೈಯೇ. ಮೇಷ್ಟ್ರಿಗೆ ಬೇಸರದ ನಡುವೆಯೂ ಹೆಮ್ಮೆಯಾಯಿತು.

ಅವಳು ಅಲಗನ್ನು ಕಲ್ಲಿನ ಮೇಲೆ ಹೊಸದಾಗಿ ಹದವಾಗಿ ಮಸೆದಳು. ಈ ಸಲ ಕೊಯ್ಯುವುದು ಟೈಲರ್ ಅತ್ತೆ. ನಲವತ್ತು ವರ್ಷ ಕತ್ತರಿ ಆಡಿಸಿದ ಹೆಬ್ಬೆರಳು, ಗಂಡಸರನ್ನು ನಾಚಿಸುವಂಥದ್ದು. ಗುಂಡಿಗಳು ಮೇಷ್ಟ್ರ ಪಾಲಿಗೆ ಬಂದವು.

"ಅಣ್ಣಾ, ಗುಂಡಿ ಒಂದು ಕೈಲಿ. ಇನ್ನೊಂದು ಕೈನ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ," ಎಂದರು ತಂಗಿ. "ಚಾಕು ಕಂಡ್ರೆ ನಿನ್ನ ಕೈ ನಿನ್ನ ಮಾತು ಕೇಳಲ್ಲ."

ಹಗ್ಗ ಸಾಕಷ್ಟಿತ್ತು. ರಟ್ಟಿಗೆ ಹೊಲಿಗೆ ಯಂತ್ರ ಬಂದಿದ್ದ ಪೆಟ್ಟಿಗೆ ಸಿಕ್ಕಿತು. ರಬ್ಬರಿನ ಸರದಿ ಬಂದಾಗ ಮೆಟ್ಟಿಲ ಕೆಳಗೆ ಪೈಪಿನ ಚೂರೂ ಉಳಿದಿರಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಹಿತ್ತಲಿಂದ ಗಿಡಕ್ಕೆ ನೀರು ಬಿಡುವ ಪೈಪನ್ನೇ ಸುತ್ತಿ ತಂದು ಹಲಗೆಯ ಮೇಲೆ ಹಾಕಿ ಒಳಗೆ ಹೋದರು. ಬೈಯದೆ ಹೋದದ್ದನ್ನು ನೋಡಿ ಮೇಷ್ಟ್ರಿಗೆ, ಈ ಚಾಕು ತಮ್ಮೊಬ್ಬರ ಮನಸ್ಸಿನಲ್ಲಿ ಮಾತ್ರ ಕೂತಿಲ್ಲ ಎಂಬುದು ಅರ್ಥವಾಯಿತು.

ನೂರ ಐವತ್ತರ ಹಾಳೆ ಇಳಿಯಿತು, ಆದರೆ ಸ್ವಲ್ಪ ಗೊರಗೊರ ಎಂದಿತು. ಚರ್ಮದ ಹತ್ತು ಕೊಯ್ತ ಆಯಿತು. ನೂರ ಅರವತ್ತರ ಹಾಳೆ ನಡುವಿನಲ್ಲಿ ಸಿಕ್ಕಿಕೊಂಡು ಪರ್‍ರೆಂದು ಹರಿಯಿತು.

ಮಗಳು ಹರಿದ ಹಾಳೆಯನ್ನು ತೆಗೆದುಕೊಂಡು, ಅಲ್ಲಿರುವ ಸುದ್ದಿಯನ್ನು ಓದುವವಳಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಡಚಿ ಬುಟ್ಟಿಗೆ ಹಾಕಿದಳು. "ಆಯ್ತು ಬಿಡಿ. ಇನ್ನೊಂದು ಮಾಡ್ತೀನಿ," ಎಂದಳು. ಅಚ್ಚನ್ನು ಎತ್ತಿ ಪೆಟ್ಟಿಗೆಯೊಳಗೆ ಇಡಲು ಹೊರಟಳು.

"ನಿಲ್ಲೇ," ಎಂದರು ಟೈಲರ್ ಅತ್ತೆ. ಅವರು ಅಣ್ಣನ ತೊಡೆಯನ್ನೇ ನೋಡುತ್ತಿದ್ದರು. "ಅಣ್ಣಾ, ನಾನು ಜೀವನದಲ್ಲಿ ಮೊದಲು ಹೊಲಿದಿದ್ದು ಏನು ಗೊತ್ತಾ?"

"ಗೊಂಬೆ ಲಂಗ ಇರ್ಬೇಕು."

"ಅಪ್ಪನ ಪ್ಯಾಂಟಿಗೆ ಚರ್ಮದ ತೇಪೆ. ನಂಗೆ ಹನ್ನೊಂದು ವರ್ಷ. ಬಲತೊಡೆಗೆ. ಸೂಜಿ ಇಳೀತಿರ್ಲಿಲ್ಲ, ಅಮ್ಮ ಬೆರಳಿಗೆ ಟೋಪಿ ಹಾಕಿಕೊಟ್ಟಿದ್ಳು. ಆಮೇಲೆ ಅದು ಸವೆದಾಗೆಲ್ಲ ನಾನೇ ಹಾಕ್ತಿದ್ದೆ."

ಮೇಷ್ಟ್ರು ತಂಗಿಯ ಮುಖ ನೋಡಿದರು. ಅಪ್ಪ ಹಲಗೆಯ ಮುಂದೆ ಕೂತು ಮಗನ ಚಾಕುವನ್ನು ಒರೆಗೆ ಹಚ್ಚಿದ ಆ ದಿನ ಅವರ ಕಣ್ಣ ಮುಂದೆ ಬಂತು. ಅಪ್ಪನ ಹುಬ್ಬು, ಬೆವರು, ಹಗ್ಗದ ಚೂರುಗಳು. ಅಪ್ಪನ ಕೈ. ಕೊಯ್ತ, ತೊಡೆ, ಕೊಯ್ತ, ತೊಡೆ. ಆಗ ಇಪ್ಪತ್ತರ ತರುಣನಾಗಿದ್ದ ಅವರು ಅಲಗನ್ನಷ್ಟೇ ನೋಡಿದ್ದರು.

ಅವರು ಎದ್ದು ಒಳಗೆ ಹೋದರು. ಬಟ್ಟೆಯ ಬೀರುವಿನ ಮೇಲಿನ ಖಾನೆಯಿಂದ ಒಂದು ಚಾಕು ತಂದರು. ಮೂವತ್ತನಾಲ್ಕು ವರ್ಷದ ಹಿಂದೆ ಇನ್ನೂರು ಕೊಯ್ದು ಹಕ್ಕಿ ಪಡೆದದ್ದು. ಅದನ್ನು ಅವರು ಬಳಸುತ್ತಿರಲಿಲ್ಲ, ವರ್ಷಕ್ಕೊಮ್ಮೆ ಎಣ್ಣೆ ಒರೆಸಿ ಇಡುತ್ತಿದ್ದರು. ಈಗ ಕಲ್ಲಿನ ಮುಂದೆ ಕೂತು ತಮ್ಮ ಇಡೀ ವಿದ್ಯೆಯನ್ನು ಹಾಕಿ ಅದನ್ನು ಮಸೆದರು. ಮಸೆದು ತಂಗಿಯ ಕೈಗೆ ಕೊಟ್ಟರು.

"ಕೊಯ್ಯಿ."

"ಬೇಡ ಅಪ್ಪಾ," ಎಂದಳು ಮಗಳು. "ಏನಕ್ಕೆ ಇದೆಲ್ಲ? ಅದು ಪಾಸಾದ ಚಾಕು."

"ಅದನ್ನೇ ನೋಡೋಣ ಅಂತ. ಕೊಯ್ಯೇ ತಂಗಿ, ಮುಲಾಜು ಬೇಡ."

ಮತ್ತೆ ಹಗ್ಗ ಐವತ್ತು. ಮತ್ತೆ ರಟ್ಟು ಐವತ್ತು. ನೂರರ ಹಾಳೆಯಲ್ಲೇ ಗೊರಗೊರ ಕೇಳಿಸಿತು. ಪೈಪಿನ ಹತ್ತು ಕೊಯ್ತ ಕಷ್ಟದಲ್ಲಿ ಆಯಿತು. ಇನ್ನು ಹತ್ತು ಆದ ಮೇಲೆ ಹಾಳೆ ಹಿಡಿದರೆ, ಅಲಗು ಅಂಚಿನಲ್ಲೇ ನಿಂತುಬಿಟ್ಟಿತು. ನೂರ ಇಪ್ಪತ್ತಕ್ಕೆ ಮೂವತ್ತನಾಲ್ಕು ವರ್ಷದ ಪಾಸು ಫೇಲಾಯಿತು.

ಮೇಷ್ಟ್ರಿಗೆ ನೋವಾಗಲಿಲ್ಲ ಎಂದು ಹೇಳಲಾಗದು. ಎದೆಯೊಳಗೆ ಏನೋ ಒಂದು ಗುಂಡಿ ಕಳಚಿ ಬಿದ್ದ ಹಾಗಾಯಿತು. ಬೀದಿಯವರ ಚಾಕುಗಳನ್ನೆಲ್ಲ ಉಗುರಿನ ಮೇಲಿಟ್ಟು ಫೇಲು ಮಾಡಿದ ಮನುಷ್ಯ ತಮ್ಮದೇ ಚಾಕುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ತಂಗಿಗೂ ಹತ್ತಿಕೊಂಡಿತು. ಅಪ್ಪನ ಗಂಭೀರ ಮುಖ, ಅಪ್ಪನ ಕಾನೂನು, ಕೆಳಗೆ ಗುಟ್ಟಾಗಿ ಮಸೆಯುತ್ತಿದ್ದ ಅಪ್ಪನ ತೊಡೆ! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇವರದು ಕುಲುಮೆಯಲ್ಲಿ ಸುಟ್ಟರೂ ಹೋಗಿರಲಿಲ್ಲ.

ಮಗಳು ನಗಲಿಲ್ಲ. "ಈಗ ಏನ್ಮಾಡೋದು?" ಎಂದಳು.

"ಏನ್ಮಾಡೋದೇನು, ಅಚ್ಚು ತಾ."

"ಇನ್ನೂರು ಆಗ್ಲಿಲ್ಲ ಅಪ್ಪಾ. ಸುಮ್ನೆ ನನ್ನ ಸಮಾಧಾನಕ್ಕೆ ಹಾಕಬೇಡಿ. ಹಾಗೆ ಹಾಕಿದ್ರೆ ನಂಗೆ ಬೇಡ."

"ಅಪ್ಪ ಹಾಕಿದ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋತೀಯೇನೇ?" ಎಂದು ಅತ್ತೆ ಗದರಿದರು.

ಮೇಷ್ಟ್ರು ಕೈ ಎತ್ತಿ ತಂಗಿಯನ್ನು ತಡೆದರು. ಮಗಳ ಪ್ರಶ್ನೆ ನ್ಯಾಯದ್ದು, ಅದಕ್ಕೆ ಗದರಿಕೆ ಉತ್ತರವಲ್ಲ.

"ನಿನ್ನ ಸಮಾಧಾನಕ್ಕಲ್ಲ ಮಗಳೇ," ಎಂದರು. "ಇನ್ನೂರು ಅನ್ನೋದು ಈ ಮನೇಲಿ ಯಾವತ್ತೂ ಆಗಿಲ್ಲ. ನಮ್ಮಪ್ಪನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ನಾವು ಕೊಯ್ದಿದ್ದು ಒಂದು, ಹರಿತ ಮಾಡ್ಕೊಂಡು ಮತ್ತೊಂದು. ಕಳ್ಳತನ ಮಾಡ್ಬೇಕು ಅಂತ ಮಾಡಿದ್ದಲ್ಲ, ಗೊತ್ತಿಲ್ದೆ ಮಾಡಿದ್ದು. ಈ ಕೋಣೇಲಿ ನಿಜವಾಗಿ ಎಣಿಸಿ ಕೊಯ್ದ ಚಾಕು ಎರಡೇ. ಅದ್ರಲ್ಲಿ ನಿಂದು ಗೆದ್ದಿದೆ. ನನ್ನನ್ನ ಸೋಲಿಸಿ ಗೆದ್ದಿದೆ. ಇನ್ನು ಮೇಲೆ ಈ ಮನೆ ಲೆಕ್ಕ ನೂರ ಐವತ್ತು, ಒರೆಸೋ ಹಾಗಿಲ್ಲ. ಅದನ್ನ ದಾಟೋರು ಬಂದಾಗ ನೋಡೋಣ."

ಮಗಳು ಅಪ್ಪನ ಮುಖವನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಮುಲಾಜು ಕಾಣಿಸಲಿಲ್ಲ. ಅವಳು ಅಚ್ಚನ್ನು ತಂದಿಟ್ಟಳು.

ಗಟ್ಟಿಯಾದ ಅಲಗಿನ ಮೇಲೆ ಅಚ್ಚು ಕೂರುವುದಿಲ್ಲ, ಹಿತ್ತಾಳೆಯ ಮೇಲೆ ಒಂದೇ ಏಟಿಗೆ ಕೂರುತ್ತದೆ. ಮೇಷ್ಟ್ರು ಚಾಕುವನ್ನು ಸೀಸದ ದಿಂಬಿನ ಮೇಲೆ ಮಲಗಿಸಿ, ಅಚ್ಚನ್ನು ನೇರವಾಗಿ ನಿಲ್ಲಿಸಿ, ಒಂದು ಏಟು ಹಾಕಿದರು. ಹೆಂಡತಿ ಬಾಗಿ ನೋಡಿ, "ಮೀನು ಚೆನ್ನಾಗಿ ಬಂದಿದೆ," ಎಂದರು. ಮೇಷ್ಟ್ರು ತಿದ್ದಲಿಲ್ಲ.

ತಂಗಿ ಗುಂಡಿಗಳನ್ನು ಡಬ್ಬಿಗೆ ತುಂಬಿಕೊಂಡು ಹೊರಟರು. ಹೆಂಡತಿ ಚೂರು ಚೂರಾದ ಪೈಪು, ಹಗ್ಗ, ಚರ್ಮವನ್ನೆಲ್ಲ ಗುಡಿಸಿ ಒಂದು ಮೂಲೆಗೆ ಮಾಡಿ, "ನಾಳೆ ಮೊದಲು ಹೊಸ ಪೈಪು, ಆಮೇಲೆ ಹೊಸ ಚಾಕು," ಎಂದರು. ಮೇಷ್ಟ್ರು ಮಗಳ ಚಾಕುವನ್ನು ಕೈಯಿಂದ ಇಳಿಸಿರಲಿಲ್ಲ. ಉಗುರಿನ ಮೇಲೆ ಇಟ್ಟರು, ಬೆಳಕಿಗೆ ಹಿಡಿದರು. ನಲವತ್ತು ಕೊಯ್ತ ಹೆಚ್ಚು! ಉಕ್ಕು ಅದೇ, ಕುಲುಮೆ ಅದೇ, ಕಲ್ಲು ಅದೇ.

"ಇದಕ್ಕೆ ಹದ ಹೇಗೆ ಕೊಟ್ಟೆ?" ಎಂದು ಕೇಳಿದರು.

ಮಗಳು ಅಮ್ಮನ ಕಡೆ ಕಳ್ಳನೋಟ ಹಾಯಿಸಿದಳು. "ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ದು ನೀವು ಮಾಡೋ ಹಾಗೇನೇ. ಆಮೇಲೆ ಇದ್ದಿಲ ಮೇಲೆ ಬಣ್ಣ ನೋಡ್ಲಿಲ್ಲ. ಅಮ್ಮನ ಓವನ್‌ನಲ್ಲಿ ಇಟ್ಟೆ. ಎರಡು ಗಂಟೆ. ಆರಿಸಿ, ಮತ್ತೆ ಎರಡು ಗಂಟೆ."

"ನನ್ನ ಓವನ್‌ನಲ್ಲಾ!" ಎಂದರು ಅಮ್ಮ. "ಅದಕ್ಕೇ ಆವತ್ತು ಬ್ರೆಡ್ಡು ಗ್ಯಾರೇಜಿನ ವಾಸನೆ ಹೊಡೀತಿತ್ತು! ನಾನು ಹಿಟ್ಟಿನ ಅಂಗಡಿಯವನ ಜೊತೆ ಜಗಳ ಆಡ್ಕೊಂಡು ಬಂದೆನಲ್ಲೇ!"

ಬೇರೆ ದಿನವಾಗಿದ್ದರೆ ಮೇಷ್ಟ್ರು ಕೆರಳುತ್ತಿದ್ದರು. ಹದ ಎಂಬುದು ಕಣ್ಣಿಗೆ ತಿಳಿಯಬೇಕು, ಒಣಹುಲ್ಲಿನ ಬಣ್ಣ ಬರುವ ಆ ಒಂದು ಕ್ಷಣವನ್ನು ಹಿಡಿಯಲು ಹತ್ತು ವರ್ಷ ಬೇಕು ಎಂದು ಅರ್ಧ ಗಂಟೆ ಭಾಷಣ ಮಾಡುತ್ತಿದ್ದರು. ಆ ಭಾಷಣ ಅವರ ಬಾಯಿಗೆ ಬಂತು ಕೂಡ. ಅವರು ಗೋಡೆಯ ಪಕ್ಕದ ಗಿಡ್ಡ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡರು. ಅದು ಆರು ವರ್ಷದಿಂದ ಮಗಳು ಕೂರುತ್ತಿದ್ದ ಸ್ಟೂಲು. ಅದರ ಮೇಲೆ ಕೂತು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಮಗಳ ಮುಖ ನೋಡಿದರು.

"ಎಷ್ಟು ಬಿಸಿ ಇಟ್ಟೆ, ಯಾವಾಗ ಇಟ್ಟೆ, ಯಾಕೆ ಎರಡು ಸಲ. ಮೊದಲಿಂದ ಹೇಳು," ಎಂದರು. "ನಿಧಾನಕ್ಕೆ ಹೇಳು, ನಂಗೆ ಗೊತ್ತಿಲ್ಲ."

ಮಗಳು ಹೇಳತೊಡಗಿದಳು. ಮೇಷ್ಟ್ರು ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದರು.